ಜಗಲಿ ಏರಿದ ಪದಕ

ಮಾಡಗ್ಯಾಳ, ತಾ. ಜತ್ತ, ಜಿ. ಸಾಂಗಲಿ
ರವಿವಾರ, ೯ ಮಾರ್ಚ್ ೨೦೨೫

ಚಿರಂಜೀವಿ ಅಮಸಿದ್ದಗ,

ನೀರಿನ ಮ್ಯಾಲ ಈಗ ಎಲ್ಲಿ ತೇಲಾಕ ಹತ್ತೀಯೋ ಅಲ್ಲಿಗೇ ಮುಟ್ಟುವಂಗ, ನೀರಿಗೆ ಬಾಯಿ ಬಿಡುವ ಊರಿಂದ ನಿನ್ನ ಸೋದರಮಾವ ಮಾಳೂನ ಆಶೀರ್ವಾದ. ಇಲ್ಲಿ ನಾ ಆರಾಮ. ಕುರಿ ಆರಾಮ. ನನ್ನ ಟಗರು ನನಗಿಂತ ಆರಾಮ. ಅದರ ಮೂಗು ಈ ವರ್ಷ ಗಿಳಿ ಮೂಗಿಗಿಂತ ಡೊಂಕ ಆಗೇತಿ, ನೋಡಾಕ ಸೊಲ್ಲಾಪುರದಿಂದ ಮಂದಿ ಬರತಾರ. ಬಂದವರು ಮೊದಲ ಅದರ ಮೂಗು ನೋಡತಾರ, ಆಮ್ಯಾಲ ನನ್ನ ಮೂಗು ನೋಡತಾರ, ಎರಡೂ ಒಂದ ಖಾನದಾನಿ ಅಂತಾರ. ನಾ ಇಲ್ಲ ಅನ್ನೂದಿಲ್ಲ.

ಮುಖ್ಯ ಮಾತು ಮೊದಲ ಹೇಳಿಬಿಡತೀನಿ, ಇಲ್ಲಂದರ ಟಗರಿನ ಮಾತಿನಾಗ ಹಾಳಿ ಮುಗದು ಹೋಗತಾವ. ನೀ ಹಡಗ ಹತ್ತಿ ಹೋದ ಮ್ಯಾಲ ಇಲ್ಲಿ ನೀ ಸತ್ತಿ ಅಂತ ಅತ್ತಾರ. ನಿನ್ನ ಮದುವಿ ಮುರದಾರ, ಮತ್ತ ಕೂಡಿಸ್ಯಾರ. ಈಗ ಅದು ನಿಂತೈತಿ, ಆದರ ಯಾವುದರ ಮ್ಯಾಲ ನಿಂತೈತಿ ಅಂತ ನೀ ಪೂರಾ ಓದಬೇಕು. ಓದಿದ ಕೂಡಲೆ ನಿನ್ನ ದನಿ ನಮಗ ಕೇಳಿಸಬೇಕು. ಸಂಕ್ರಾಂತಿ ಮರುದಿನ ನೀ ಫೋನ್ ಮಾಡಿ, ಮಾವ, ಹಡಗ ದೂರ ಹೊಂಟೈತಿ, ಎಲ್ಲಿಗೆ ಅಂತ ಕೇಳಬ್ಯಾಡ, ಕೆಲವು ತಿಂಗಳು ಫೋನ್ ಹತ್ತೂದಿಲ್ಲ, ಅವ್ವನ್ನ ಸಂಭಾಳಿಸು ಅಂದಿ. ಅವತ್ತಿನಿಂದ ನಿನ್ನ ನಂಬರಿಗೆ ಹಚ್ಚಿದರ ಯಾವಾಕಿಯೋ ಮರಾಠ್ಯಾಗ ಮಾತಾಡತಾಳ. ನಾ ಆಕಿ ಜೋಡಿ ಭಾಳ ಸಲ ಮಾತಾಡೀನಿ. ನನ್ನ ಮಾತಿಗೆ ಮರುಳಾಗದ ಹೆಣ್ಣ ಅಂದರ ಜಗತ್ತಿನ್ಯಾಗ ಆಕಿ ಒಬ್ಬಾಕಿ.

ಎಲ್ಲಾ ಸುರು ಆದದ್ದು ನಿನ್ನ ಪದಕದಿಂದ. ದೀಪಾವಳಿ ಸೂಟಿಗೆ ಬಂದಾಗ ಅದನ್ನ ಮಕಮಲ್ ಡಬ್ಬಿಯಿಂದ ತೆಗದು ನಿಮ್ಮ ಅವ್ವನ ಅಂಗೈ ಮ್ಯಾಲ ಇಟ್ಟಿ. ಬೆಳ್ಳಿದು, ಐದು ಮೂಲಿ, ಕಡು ನೀಲಿ ಪಟ್ಟಿ, ನಡುವ ಒಂದು ಬಿಳಿ ಗೀರು. ದುಂಡವ್ವ ನನ್ನ ಅಕ್ಕ ಖರೆ, ಆದರ ನನ್ನಷ್ಟು ಜಗತ್ತು ಆಕಿಗೆ ತಿಳಿಯೂದಿಲ್ಲ. ಇದನ್ನ ಏನ್ ಮಾಡಬೇಕೋ ಮಗನ ಅಂತ ಕೇಳಿದಳು. ನೀನ ಇಟಗೋ ಅವ್ವ, ನನ್ನ ಹತ್ತರ ಉಪ್ಪು ಗಾಳಿಗೆ ಕರ್ರಗಾಗತೈತಿ ಅಂದಿ, ರೊಟ್ಟಿ ಮುರಕೊಂಡು ಕುಂತಿ. ಅದು ಹ್ಯಾಂಗ ಸಿಕ್ಕಿತು ಅಂತ ಊರಿಗೆ ಹೇಳೂ ಕೆಲಸ ನನ್ನ ಹೆಗಲಿಗೆ ಬಿತ್ತು. ಹೇಳೀನಿ ಬಿಡು. ಸಂತ್ಯಾಗ ಹೇಳೀನಿ, ಕ್ಷೌರದ ಅಂಗಡ್ಯಾಗ ಹೇಳೀನಿ, ಜತ್ತದ ಎಸ್‌ಟಿ ಬಸ್ಸಿನ್ಯಾಗ ಕಂಡಕ್ಟರಗ ಟಿಕೀಟು ಹರಿಯಾಕ ಬಿಡದ ಹೇಳೀನಿ.

ನಾ ಹೇಳೂದು ಹಿಂಗ. ಮಳಿಗಾಲದ ಸಮುದ್ರ. ಮೀನದ ದೋಣಿ ಒಂದರ ಮಷೀನ ಕೆಟ್ಟು, ನೀರು ತುಂಬಿ, ಮುಳುಗಾಕ ಹತ್ತಿತ್ತು. ನೀ ಸೊಂಟಕ್ಕ ಹಗ್ಗ ಕಟಗೊಂಡು ಹಡಗಿನಿಂದ ಇಳದಿ. ದೋಣಿ ಮಂದಿ ಕಂಬ ತಬ್ಬಿಕೊಂಡಿದ್ದರು, ಹಡಗಿನವರು ಬಿಟ್ಟ ತೆಪ್ಪಕ್ಕ ಜಿಗೀರೋ ಅಂದರ ಒಬ್ಬರೂ ಒಲ್ಲರು. ಅವರ ಭಾಷಿ ನಿನಗ ತಿಳೀದು, ನಿನ್ನ ಭಾಷಿ ಅವರಿಗೆ ತಿಳೀದು. ಆವಾಗ ನೀ ನಮ್ಮ ಹಳ್ಳ ತುಂಬಿ ಬಂದಾಗ ನಾವು ಮಾಡೂದನ್ನ ಮಾಡಿದಿ. ಹಿಂಡನ್ನ ಬಡದರೂ ಬೈದರೂ ಅದು ನೀರಿಗೆ ಇಳಿಯೂದಿಲ್ಲ. ಗಂಟಿ ಕಟ್ಟಿದ ಹಿರೀ ಕುರೀನ ಹೆಗಲ ಮ್ಯಾಲ ಹೊತ್ತು ಆಚಿ ದಂಡಿಗೆ ಇಳಿಸಬೇಕು. ಅದು ಆ ಕಡೆಯಿಂದ ಒಮ್ಮಿ ಒದರಿದರ ಸಾಕು, ಉಳದವು ನೀರು ಅಂತ ನೋಡೂದಿಲ್ಲ, ಧಬಾಧಬಾ ಬಿದ್ದು ಬರತಾವ. ನೀ ಆ ದೋಣಿ ಯಜಮಾನ ಮುದುಕನ್ನ ಬೆನ್ನ ಮ್ಯಾಲ ಹಾಕ್ಕೊಂಡು ತೆಪ್ಪಕ್ಕ ಒಯ್ದಿ. ಅಂವ ಅಲ್ಲಿಂದ ಒದರಿದ. ಎಲ್ಲಾರೂ ಬಂದರು, ಎಲ್ಲಾರೂ ಉಳದರು. ಇಂಥಾ ವಿದ್ಯಾ ನಿನಗ ಕಲಿಸಿದವ ಯಾರು ಅಂತ ನಿಮ್ಮ ಸಾಹೇಬರು ಕೇಳಲಿಲ್ಲೇನು? ಪದಕದ ಹಿಂದಿನ ಬದಿ ತಿರುವಿ ನೋಡಿದೆ. ನನ್ನ ಹೆಸರು ಇಲ್ಲ. ಇರಲಿ, ಸರಕಾರ ಅಂದ ಮ್ಯಾಲ ಮರವು ಇರತೈತಿ.

ಇನ್ನ ಜಗಲಿ ಮಾತು. ಈ ಕಾಗದ ನೀ ಹಡಗಿನ ದೋಸ್ತರಿಗೂ ಓದಿ ತೋರಿಸತಿ ಅಂತ ನನಗ ಗೊತ್ತು, ಅದಕ್ಕ ಬಿಡಿಸಿ ಬರೀತೀನಿ. ನಮ್ಮ ಮಂದ್ಯಾಗ ಬೆಳ್ಳಿ ಇರಬೇಕಂದರ ಎರಡ ಜಾಗಾ, ಒಂದು ಕೊರಳು, ಇನ್ನೊಂದು ದೇವರ ಜಗಲಿ. ಜಗಲಿ ಮ್ಯಾಲ ಬೀರದೇವರ ಟಾಕು, ಮಾಯವ್ವನ ಟಾಕು, ಅವರ ಮಗ್ಗಲಕ್ಕ ತೀರಿ ಹೋದ ಹಿರ್ಯಾರ ಟಾಕು. ಅಂಗೈಯಾಗ ಅಡಗೂವಷ್ಟ ಬೆಳ್ಳಿ ತಗಡಿನ್ಯಾಗ ಅವರ ಮುಖ ಒತ್ತಿಸಿ ಕುಂದ್ರಿಸಿರತೀವಿ. ನಿಮ್ಮ ಅಜ್ಜ ಸೋಮನಿಂಗಪ್ಪ ಅಲ್ಲೇ ಅದಾನ. ನಿಮ್ಮ ಅಪ್ಪ ವಿಠೋಬ ಅಲ್ಲೇ ಅದಾನ. ಉಸರಾಡುವವರಿಗೆ ಅಲ್ಲಿ ಜಾಗಾ ಇಲ್ಲ.

ನಿಮ್ಮ ಅವ್ವ ಪದಕನ್ನ ಮೊದಲ ಜ್ವಾಳದ ಗಡಿಗ್ಯಾಗ ಇಟ್ಟಳು. ಇಲಿ ಪಟ್ಟಿ ಕಡದಾವು ಅಂತ ತೆಗದಳು. ತಲಿದಿಂಬಿನ ಕೆಳಗ ಇಟ್ಟಳು, ಮೂಲಿ ಚುಚ್ಚಿದವು. ಕಡೀಗೆ ಒಯ್ದು ಜಗಲಿ ಮ್ಯಾಲ ವಿಠೋಬನ ಮಗ್ಗಲಕ್ಕ ಒರಗಿಸಿದಳು. ಕಳ್ಳ ಬಂದರೂ ಕೈ ಹಚ್ಚದ ಜಾಗಾ ಅದೊಂದ, ಮತ್ತ ಅಪ್ಪನ ಹತ್ತರ ಮಗನ ಸಾಮಾನು ಇದ್ದರ ಯಾರಪ್ಪನ ಗಂಟು ಹೋಗತೈತಿ ಅಂತ ನನ್ನ ಬಾಯಿ ಮುಚ್ಚಿಸಿದಳು. ರವಿವಾರಕ್ಕೊಮ್ಮಿ ದೇವರನ್ನ ತೊಳದು ಭಂಡಾರ ಹಚ್ಚುವಾಗ ಇದಕ್ಕೂ ಒಂದು ಚಿಟಿಕಿ ಹಚ್ಚಿದಳು. ನೀಲಿ ಪಟ್ಟಿ ಮ್ಯಾಲ ಆ ಭಂಡಾರದ ಅರಿಷಿಣ ಕುಂತು ಕುಂತು ಈಗ ಅದು ಎಳೀ ಜ್ವಾಳದ ಗರಿ ಬಣ್ಣಕ್ಕ ಬಂದೈತಿ. ನಿಮ್ಮ ಸಾಹೇಬರು ಕೇಳಿದರ, ಮಾಡಗ್ಯಾಳದ ಕಡೆ ಸಮುದ್ರ ಹಸರ ಇರತೈತಿ ಅಂತ ಹೇಳು.

ಫೆಬ್ರುವರಿ ನಡುವ ಕುಣಿಕೋಣೂರ ಬೀಗರು ಮನಿ ನೋಡಾಕ ಬಂದರು. ನಿನಗ ಕೊಡೂ ಹುಡಿಗಿ ನಂದಾನ ಅಪ್ಪ ಅಮೋಗಸಿದ್ದ, ಆತನ ಅವ್ವ ಲಗಮವ್ವ, ಜೀಪಿನ ತುಂಬ ಮಂದಿ. ನಾ ಅವತ್ತ ಕುರಿ ಹಿಂದ ಇದ್ದೆ. ಆ ಹೊತ್ತು ನಿನಗ ನೆನಪಿರಬೇಕು. ಊಟ ಮಾಡಿದ ಮ್ಯಾಲ ಮಾಳದ ತುದಿಗೆ ಬಿಸಲಗುದುರಿ ನೀರಿನಂಗ ಹರೀತಿರತಾವ, ಪವನಚಕ್ಕಿಗೋಳು ನಿದ್ದಿಗಣ್ಣಿಲೆ ಕೈ ತಿರವತಿರತಾವ, ಕುರಿ ಒಂದರ ಹೊಟ್ಟಿ ಕೆಳಗ ಒಂದು ತಲಿ ಹಾಕಿ ನಿಂತಿರತಾವ. ನಾ ಜಾಲಿ ನೆರಳಾಗ ಅಡ್ಡಾಗಿ ಒಂದ ಕಣ್ಣು ಮುಚ್ಚಿದ್ದೆ. ನೋಡತೀನಿ, ಆ ಬಿಸಲಿನ ನೀರ ಮ್ಯಾಲ ನೀ ಬಿಳೀ ಅಂಗಿ ಹಾಕ್ಕೊಂಡು ನಡದು ಬರಾಕ ಹತ್ತೀದಿ. ಕಾಲಿಗೆ ನೀರು ಹತ್ತವಲ್ಲದು. ಕುರಿ ಎಲ್ಲಾ ತಲಿ ಎತ್ತಿ ನಿನ್ನ ಕಡೆ ತಿರುಗಿದವು. ಮಾವ, ಇಲ್ಲಿ ಆಳ ಎಷ್ಟ ಐತಿ ಅಂತ ಕೇಳಿದಿ. ಹೇಳಾಕ ಬಾಯಿ ತೆಗೀಬೇಕು, ಊರ ಕಡೆಯಿಂದ ಹೆಂಗಸರು ಒದರೂ ದನಿ ಗಾಳ್ಯಾಗ ತೇಲಿ ಬಂತು.

ಮನ್ಯಾಗ ಆಗಿದ್ದು ಇಷ್ಟ. ಲಗಮವ್ವ ರೀತಿ ಪ್ರಕಾರ ಮೊದಲ ಜಗಲಿಗೆ ಕೈ ಮುಗಿಯಾಕ ಹೋದಳು. ಒಂದೊಂದು ಟಾಕಿಗೂ ಬಾಗಿದಳು. ಕಡೀದಕ್ಕ ಬಂದು ನಿಂತಳು. ಹೊಸಾ ಬೆಳ್ಳಿ, ಮ್ಯಾಲ ಭಂಡಾರ, ಒಂದು ಚೆಂಡು ಹೂವು. ಮುದುಕಿ ಕಣ್ಣು ಮಂಜು, ಅದರ ಮ್ಯಾಲ ಮುಖ ಐತೋ ಇಲ್ಲೋ ಕಾಣಲಿಲ್ಲ, ಇಟ್ಟ ಜಾಗಾ ಕಾಣಿಸಿತು. ಹೊರಗ ಬಂದಾಕಿನ ಚಹಾದ ಬಟ್ಟಲ ಅತ್ತ ಸರಿಸಿ, ಸೆರಗು ತಲಿ ಮ್ಯಾಲ ಎಳಕೊಂಡು, ನಿಮ್ಮ ಅವ್ವನ ಕೊರಳಿಗೆ ಬಿದ್ದಳು. ಯವ್ವಾ ದುಂಡವ್ವಾ, ಹರೇದ ಮಗನ್ನ ಬೆಳ್ಳಿ ಮಾಡಿ ಕುಂದ್ರಿಸಿ ನಮಗ ಸಕ್ಕರಿ ಚಹಾ ಕೊಡತೀಯಲ್ಲವ್ವಾ, ಎದಿ ಐತೋ ಕಲ್ಲೈತೋ ಅಂತ ಹಾಡಿ ಅಳಾಕ ಸುರು ಮಾಡಿದಳು.

ನಿಮ್ಮ ಅವ್ವ ಏನ್ ತಿಳೀಬೇಕು? ತಿಂಗಳಿಂದ ನಿನ್ನ ದನಿ ಇಲ್ಲ. ಇವರು ಎಲ್ಲಿಂದೋ ಸುದ್ದಿ ತಂದಾರ, ನನಗ ಹಿಂಗ ತಿಳಸಾಕ ಹತ್ಯಾರ ಅಂತ ಆಕಿ ತಿಳಕೊಂಡಳು. ಆಕಿ ಇವರು ಹೇಳಿದರು ಅಂತ ಅತ್ತಳು, ಇವರು ಆಕಿ ಅತ್ತಳು ಅಂತ ಅತ್ತರು. ಓಣಿ ತುಂಬಿತು. ನಾ ಓಡಿ ಬಂದಾಗ ನಿಮ್ಮ ಅವ್ವ ಹೊಚ್ಚಲದ ಮ್ಯಾಲ ಬಿದ್ದಿದ್ದಳು. ನಾನೂ ಅತ್ತೆ ಅಂತ ಯಾರರೆ ನಿನಗ ಹೇಳಿದರ ನಂಬಬ್ಯಾಡ. ಅವತ್ತ ಗಾಳಿ ಭಾಳ ಇತ್ತು, ಪವನಚಕ್ಕಿ ಊರ ಧೂಳೆಲ್ಲಾ ಎಬ್ಬಿಸಿತ್ತು. ನಾ ಧಿಮಾಕಿಲೆ ನಿಂತು, ಹೇಳಿದವರು ಯಾರು ಅಂತ ಕೇಳಿದೆ. ಇವರು ಅವರ ಕಡೆ ಬಟ್ಟ ಮಾಡಿದರು, ಅವರು ಇವರ ಕಡೆ. ಎಳಿ ಹಿಡದು ಜಗ್ಗಿಕೋತ ಹೋದರ ಕಡೀಗೆ ಸಿಕ್ಕದ್ದು ನಿನ್ನ ಪದಕ.

ಗೊತ್ತಾದರೂ ಸಮಾಧಾನ ಆಗಲಿಲ್ಲ ಮಗನ. ಒಮ್ಮಿ ಅತ್ತ ಮ್ಯಾಲ ಮನಿಗೆ ಆ ದನಿ ಹತ್ತಿಕೊಂಡಿರತೈತಿ. ಸಾಂಗಲಿ ಸೈನಿಕ ಕಚೇರಿಗೆ ಫೋನ್ ಮಾಡಿದೆ. ಹಡಗ ದೂರದ ಡ್ಯೂಟಿ ಮ್ಯಾಲ ಐತಿ, ಕೆಟ್ಟ ಸುದ್ದಿ ಇದ್ದರ ನಾವ ಮನಿಗೆ ಬರತಿದ್ದಿವಿ, ಬಂದಿಲ್ಲ ಅಂದರ ಚಲೋ ಅಂತ ತಿಳಕೋರಿ ಅಂದರು. ಲಗಮವ್ವಗ ಹೇಳಿದರ, ಕಚೇರಿ ಸುದ್ದಿ ಬ್ಯಾರೆ, ಜಗಲಿ ಸುದ್ದಿ ಬ್ಯಾರೆ ಅಂದಳು. ಜೀವಂತ ಇದ್ದವ ಸತ್ತವರ ಸಾಲಿನ್ಯಾಗ ಕುಂತು ಭಂಡಾರ ತಗೊಂಡಾನ, ಇನ್ನ ಆ ಸಾಲು ಅವನ್ನ ಬಿಡೂದಿಲ್ಲ ಅಂದಳು. ನಿಮ್ಮ ಅವ್ವಗ ಪದಕ ಅಲ್ಲಿಂದ ತೆಗಿಯಾಕೂ ಮನಸಿಲ್ಲ, ಇಡಾಕೂ ಮನಸಿಲ್ಲ. ತೆಗದರ ನಿನ್ನನ್ನ ನೂಕಿದಂಗ, ಬಿಟ್ಟರ ಕಳಿಸಿಕೊಟ್ಟಂಗ. ಕೈ ಜಗಲಿತನಕ ಹೋಗಿ ಹೊಳ್ಳಿ ಬರತಿತ್ತು. ಊಟ ಬಿಟ್ಟಳು.

ಅಮೋಗಸಿದ್ದ ಕೆಟ್ಟಾವಲ್ಲ, ಹೆಣ್ಣ ಹಡದವ. ಮಾಳಣ್ಣ, ಬೆಳುಂಕ್ಯಾಗ ಒಂದು ಚಲೋ ಹುಡುಗ ಐತಿ, ದ್ರಾಕ್ಷಿ ತ್ವಾಟ ಐತಿ, ಮುಂದಿನ ವಾರ ಮಾತಿಗೆ ಹೋಗತೀವಿ ಅಂದ. ಇಲ್ಲಾ, ಕಂಬಳಿ ಹಾಸಿ, ಕೈಯಾಗ ಭಂಡಾರ ಹಿಡದು, ಹುಡುಗ ಜೀವಂತ ಅದಾನ ಅಂತ ಯಾರರೆ ಆಣಿ ಮಾಡ್ರಿ, ನಾ ಕಾಯತೀನಿ ಅಂದ. ಆ ಆಣಿ ಎಂಥಾದ್ದು ನಿನಗ ಗೊತ್ತು. ಸುಳ್ಳಾದರ ಹಿಂಡು ಹಾಳಾಗತೈತಿ ಅಂತ ಹಿರ್ಯಾರು ಹೇಳತಾರ. ಹಡದಾಕಿ ತನ್ನ ಹೊಟ್ಟಿ ಮ್ಯಾಲ ಆಣಿ ಮಾಡಬಾರದು. ಉಳದವ ನಾ.

ಬೀರದೇವರ ಗುಡಿ ಮುಂದ ಬೇವಿನ ನೆರಳಾಗ ಕಂಬಳಿ ಹಾಸಿದರು. ನಾ ಸ್ನಾನ ಮಾಡಿ, ರುಮಾಲ ಸುತ್ತಿಕೊಂಡು, ಮಂತ್ರಿ ಹಾಂಗ ಹೋಗಿ ಕುಂತೆ. ಭಂಡಾರದ ತಟ್ಟಿಗೆ ಕೈ ಚಾಚಿದೆ, ತಟ್ಟಿ ಹಿಂದಕ್ಕ ಸರಿದು ಬಿಟ್ಟಿತು! ಒಬ್ಬ ಹಿರ್ಯಾ ಮೆತ್ತಗ, ಮಾಳು, ನಿನ್ನ ಟಗರು ಮುಂಬೈದಾಗ ಹಾರ ಹಾಕಿಸಿಕೊಂಡು ವಿಮಾನದಾಗ ಬಂತು ಅಂದಿದ್ದಿಯಲ್ಲ, ಅದು ಖರೆ ಏನೋ ಅಂತ ಕೇಳಿದ. ಇನ್ನೊಬ್ಬ, ಸಮುದ್ರದ ನೀರು ಬಿಸಿ ಮಾಡಿ ಬಿಸಿ ಮಾಡಿ ಜಳಕಕ್ಕ ಬಿಡತಾರ ಅಂದಿದ್ದಿ, ನೋಡಿ ಬಂದಿದ್ದೇನು ಅಂದ. ಮಾಳ್ಯಾನ ಆಣಿ ಅಂದರ ಆಡಿನ ಬಾಲ, ಮಾನಾನೂ ಮುಚ್ಚೂದಿಲ್ಲ, ನೊಣಾನೂ ಹೊಡಿಯೂದಿಲ್ಲ ಅಂತ ಹಿಂದಿನಿಂದ ಯಾರೋ ಅಂದರು. ಮಂದಿ ನಕ್ಕರು. ಮನ್ಯಾಗ ಅಳೂ ಹೊತ್ತಿನ್ಯಾಗ ನಕ್ಕರು ನೋಡು. ನಾನೂ ನಕ್ಕೆ, ನಕ್ಕೋತ ರುಮಾಲ ಬಿಚ್ಚಿದೆ. ಮನಸಿನಿಂದ ಒಂದು ಮಾತು ಹೇಳಾಕ ಬಾಯಿ ತೆಗದರ ಇಡೀ ಊರಾಗ ಕಿವಿ ಕೊಡೂ ಗಂಡಸು ಒಬ್ಬ ಸಿಗಲಿಲ್ಲ. ಕಂಬಳಿ ಸುತ್ತಿ ಇಟ್ಟರು. ಕುಣಿಕೋಣೂರ ಜೀಪು ಧೂಳ ಎಬ್ಬಿಸಿಕೋತ ಹೋತು. ನಿನ್ನ ಮದುವಿ ಆ ಧೂಳಿನ ಜೋಡಿ ಹೋತು ಅಂತ ತಿಳಕೊಂಡಿವಿ.

ಆಮ್ಯಾಲಿನ ರವಿವಾರ ಮುಂಜಾನಿ ನಾ ಹಿತ್ತಲದಾಗ ಮರಿಗೋಳಿಗೆ ತಪ್ಪಲ ಕಟ್ಟತಿದ್ದೆ. ಒಳಗ ತಂಬಗಿ ಸಪ್ಪಳ ಕೇಳಿತು, ಊಟ ಬಿಟ್ಟಾಕಿ ಎದ್ದಳೇನು ಅಂತ ಹಣಿಕಿ ಹಾಕಿದೆ. ಒಬ್ಬಾಕಿ ಹುಡಿಗಿ, ತೊಯ್ದ ಕೂದಲು ಬೆನ್ನ ಮ್ಯಾಲ ಬಿಟಗೊಂಡು, ಜಗಲಿ ಮುಂದ ಮಣಿ ಮ್ಯಾಲ ಕುಂತಿದ್ದಳು. ಕಿಡಕ್ಯಾಗಿಂದ ಬಿಸಿಲು ಆಕಿ ತಂಬಗಿಗೆ ಬಿದ್ದು ನೀರಿನ ನೆರಳು ಮಾಳಿಗಿ ತುಂಬ ಕುಣೀತಿತ್ತು. ಸುಳ್ಳಲ್ಲ, ನನಗ ಮನಿ ಒಂದು ಗಳಿಗಿ ತೇಲಿದಂಗಾತು. ಆಕಿ ನಂದಾ. ಯಾರಿಗೂ ಹೇಳದ ಮುಂಜಾನಿ, ಹಾದ್ಯಾಗ ಮಂದಿ ತುಂಬಿಕೊಂಡು ಬರೂ ವಡಾಪ್ ಜೀಪು ಹತ್ತಿ ಬಂದಿದ್ದಳು.

ಹೊಸಾ ಸೊಸಿ ಮನಿ ತುಂಬಿದ ಮೊದಲನೇ ರವಿವಾರ ಏನ್ ಮಾಡತಾಳ? ಜಗಲಿ ಮ್ಯಾಲಿನವರನ್ನ ಒಬ್ಬೊಬ್ಬರನ್ನ ಇಳಿಸಿ, ತೊಳದು, ಇವರು ಯಾರು ಅಂತ ಅತ್ತೀನ ಕೇಳಿ, ಹೊಳ್ಳಿ ಕುಂದ್ರಸತಾಳ. ಹಂಗ ಆಕಿ ಮನಿಯವರ ಗುರ್ತು ಹಿಡೀತಾಳ. ಹೊರಗಿನವರ ಕೈ ಅದನ್ನ ಮುಟ್ಟೂದಿಲ್ಲ, ಒಮ್ಮಿ ಮುಟ್ಟಿದ ಕೈ ಮತ್ತೊಂದು ಮನಿ ಜಗಲಿಗೆ ನಡೆಯೂದಿಲ್ಲ. ನಂದಾಗ ಇದು ಗೊತ್ತಿಲ್ಲಂತೇನಿಲ್ಲ. ಬೀರದೇವರನ್ನ ಇಳಿಸಿ, ಇವರು ಯಾರ್ರಿ ಅತ್ತಿ ಅಂತ ಕೇಳಿದಳು. ಗ್ವಾಡಿಗೆ ಒರಗಿ ಕುಂತಿದ್ದ ನಿಮ್ಮ ಅವ್ವನ ತುಟಿ ಅಲ್ಲಾಡಿತು, ಹೇಳಿದಳು. ಮಾಯವ್ವ. ನಿಮ್ಮ ಅಜ್ಜ. ನಿಮ್ಮ ಅಪ್ಪನ್ನ ತೊಳೆಯುವಾಗ ಮಾವಾರು ಅಂತ ತಾನ ಅಂದಳು. ಕಡೀಗೆ ಪದಕ ಎತ್ತಿ, ನೀರ ಹಾಕಿ, ಬೆರಳಿಲೆ ಭಂಡಾರ ತಿಕ್ಕಿ ತಿಕ್ಕಿ ತೆಗದಳು. ಇವರು ಯಾರ್ರಿ ಅಂದಳು. ನನ್ನ ಮಗ ಅಂತ ನಿಮ್ಮ ಅವ್ವ ಅಂದಳು. ಹುಡಿಗಿ ಅದನ್ನ ಸೆರಗಿಲೆ ಒರಸಿ, ಇವರಿಗೆ ಇಲ್ಲಿ ಕುಂದ್ರೂ ವಯಸ್ಸು ಇನ್ನೂ ಆಗಿಲ್ಲಲ್ರಿ ಅಂತ ಹೇಳಿ, ಸೆರಗಿನ ತುದ್ಯಾಗ ಗಂಟ ಹಾಕ್ಕೊಂಡಳು. ಉಳದವರನ್ನ ಅವರವರ ಜಾಗಾದಾಗ ಕುಂದ್ರಿಸಿದಳು.

ಅಮೋಗಸಿದ್ದ ಮೋಟಾರ ಸೈಕಲ್ ಮ್ಯಾಲ ಬೆನ್ನ ಹತ್ತಿ ಬಂದಾಗ ಟಾಕು ಇನ್ನೂ ಒದ್ದಿ ಇದ್ದವು. ಹೊಚ್ಚಲದಾಗ ನಿಂತ. ಬೈಯಾಕ ಬಂದವ ಆ ಒದ್ದಿ ಟಾಕು ನೋಡಿದ. ಅಂವ ಬರಲಿಲ್ಲಂದರ ಏನ್ ಮಾಡತೀಯವ್ವಾ ಅಂತ ಅಷ್ಟ ಕೇಳಿದ. ಬರತಾರಪ್ಪಾ ಅಂತ ಆಕಿ ಅಷ್ಟ ಅಂದಳು. ಅಮೋಗಸಿದ್ದ ಹೊಚ್ಚಲದ ಮ್ಯಾಲ ಕುಂತು ನೀರ ಕೇಳಿದ. ತಂದು ಕೊಟ್ಟಾಕಿ ನಿಮ್ಮ ಅವ್ವ. ಅವತ್ತ ಆಕಿ ಅರ್ಧ ರೊಟ್ಟಿ ತಿಂದಳು. ಬೆಳುಂಕಿ ಮಾತು ನಿಂತು ಹೋತು. ಲಗಮವ್ವ ಸುದ್ದಿ ಕೇಳಿ ಮೊದಲ ಬೈದು, ಆಮ್ಯಾಲ ತನ್ನ ಬೆಳ್ಳಿ ಕಡಗ ತೆಗದು ಮೊಮ್ಮಗಳಿಗೆ ಕಳಿಸಿದಳು.

ಈಗ ನನ್ನ ನಿನ್ನ ನಡುವಿನ ಮಾತು. ಲೇ ಕಳ್ಳಾ, ನೀ ಆಕಿಗೆ ಫೋನ್ ಮಾಡೀದಿ. ಇಲ್ಲ ಅನ್ನಬ್ಯಾಡ. ಯಾವುದೋ ದಂಡಿಗೆ ಹಡಗ ಹತ್ತಿದಾಗ ಅವ್ವನ್ನೂ ಮಾವನ್ನೂ ಬಿಟ್ಟು ಮೊದಲ ಆಕಿ ನಂಬರ ಒತ್ತೀದಿ. ಇನ್ನೂ ಸಾಖರಪುಡಾದ ನಿಶ್ಚಯ ಕಾರ್ಯ ಆಗದ ಹುಡಿಗಿ ಫೋನಿನ್ಯಾಗ ಮಾತಾಡಿದೆ ಅಂತ ಅಪ್ಪನ ಮುಂದ ಹೇಳಾಕ ಆಗತೈತೇನು? ಅದಕ್ಕ ಬಾಯಿ ಬಿಡದ ಕೈಲೆ ಹೇಳಿದಳು. ಇಲ್ಲಂದರ ಯಾವ ಹುಡಿಗಿ ಗೊತ್ತಿಲ್ಲದ ಸುದ್ದಿ ಮ್ಯಾಲ ತನ್ನ ಜನ್ಮ ಇಟ್ಟಾಳು? ನಾ ಓಣ್ಯಾಗ ಎಲ್ಲಾರಿಗೂ ಕಣ್ಣ ಹೊಡದು ಹೇಳೀನಿ. ನಿಮ್ಮ ಅವ್ವಗೂ ಹೇಳೀನಿ. ಅದಕ್ಕ ಆಕಿ ಈಗ ಉಣ್ಣತಾಳ, ಮಲಗತಾಳ, ನಿನಗ ಬೈಯಾಕೂ ಸುರು ಮಾಡ್ಯಾಳ.

ನಂದಾ ರವಿವಾರಕ್ಕೊಮ್ಮಿ ಬಂದು ಜಗಲಿ ತೊಳದು ಹೋಗತಾಳ. ಇವತ್ತೂ ಬಂದಾಳ. ಈ ಕಾಗದ ಬರಿಯೂತನಕ ಪಡಸಾಲ್ಯಾಗ ಕುಂತು ನಿಮ್ಮ ಅವ್ವಗ ಶೇಂಗಾ ಸುಲದು ಕೊಟ್ಟಾಳ. ಹೊರಗ ಬಿಸಿಲು ತೆರಿ ತೆರಿ ಏಳಾಕ ಹತ್ತೈತಿ. ಇಂಥಾ ಹೊತ್ತಿನ್ಯಾಗ ನನಗ ನಮ್ಮ ಮಾಳ ಎಲ್ಲಿ ಮುಗೀತು, ನಿನ್ನ ಸಮುದ್ರ ಎಲ್ಲಿ ಸುರು ಆತು ತಿಳಿಯೂದಿಲ್ಲ. ಪತ್ತಾ ಇಂಗ್ಲೀಷಿನ್ಯಾಗ ಬರೀಬೇಕಲ್ಲ, ನನಗ ಬರತೈತಿ, ಆದರ ಹುಡಿಗಿ ಅಕ್ಷರ ಚಂದ ಅಂತ ಆಕಿ ಕೈಯಾಗ ಕೊಡತೀನಿ. ಜತ್ತದಾಗ ಪೋಸ್ಟಿಗೆ ಹಾಕತಾಳ.

ಲಗೂನ ಬಾ. ಊರಿಗೆ ಬರೂ ಮುಂದ ಬಸ್ ಸ್ಟ್ಯಾಂಡಿನಿಂದ ಮನಿತನಕ ನನ್ನ ಹೆಗಲ ಮ್ಯಾಲ ಕೈ ಹಾಕ್ಕೊಂಡು ನಡೀಬೇಕು, ಕಂಬಳಿ ಸುತ್ತಿ ಇಟ್ಟವರು ನೋಡಲಿ.

ಇಂತಿ, ಜತ್ತ ತಾಲೂಕಿನ್ಯಾಗ ನಿನ್ನ ಜೀವದ ಬಗ್ಗೆ ಒಂದ ಗಳಿಗಿನೂ ಸಂಶೇ ಪಡದ ಒಬ್ಬನ ಒಬ್ಬ ಗಂಡಸು,
ನಿನ್ನ ಸೋದರಮಾವ
ಮಾಳು

ತಾ.ಕ. ಇದನ್ನ ಬರಿಯಾಕಿ ನಂದಾ. ಮಾಳು ಮಾವಾರು ಕಾಗದ ಕೊಟ್ಟು ಕುರಿ ಹೊಡಕೊಂಡು ಹೋದರು. ಓದಬಾರದಿತ್ತು, ಓದೀನ್ರಿ. ನೀವು ನನಗ ಫೋನ್ ಮಾಡೀರಿ ಅಂತ ಎಲ್ಲಾರೂ ತಿಳಕೊಂಡಾರ. ಇಲ್ಲ ಅನ್ನಾಕ ಬಾಯಿ ಬರವಲ್ಲದು, ಅಂದರ ಅತ್ತಿ ಮತ್ತ ಊಟ ಬಿಡತಾರ. ನಿಮ್ಮ ಫೋನ್ ನನಗೂ ಬಂದಿಲ್ಲ. ನೀವು ಹ್ಯಾಂಗ ಅದೀರಿ, ಎಲ್ಲಿ ಅದೀರಿ, ನನಗೂ ಏನೂ ಗೊತ್ತಿಲ್ಲ. ನಿಮ್ಮನ್ನ ಜಗಲಿ ಮ್ಯಾಲ ಕುಂದ್ರಿಸಿದ್ದು ಕೇಳಿ ಮನ್ಯಾಗ ನಿಲ್ಲಾಕ ಆಗಲಿಲ್ಲ, ಅಷ್ಟ. ಹಡಗ ಎಲ್ಲೆರೆ ದಂಡಿಗೆ ಹತ್ತಿದರ ಒಂದು ಮಿಸ್ ಕಾಲ್ ಕೊಡ್ರಿ. ಅಪ್ಪ ಮಗ್ಗಲದಾಗ ಇರತಾನ, ನಾ ಎತ್ತೂದಿಲ್ಲ. ಬರೇ ಗಂಟಿ ಬಾರಸಲಿ.